ಪ್ರೊಸೆಸರ್ ಒಳಗೇ ಒಂದು ಆಂಪ್ ಕೂತಿದೆ

ಪ್ರಶ್ನೆ: ಸರ, ನಾನು ಲಕ್ಕುಂಡಿಯಂವ. ನಮ್ಮ ರಸಮಂಜರಿ ತಂಡದಾಗ ಗಿಟಾರ್ ಬಾರಸ್ತೀನಿ. ಹೊಸದಾಗಿ ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್ ತಗೊಂಡೀನಿ. ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರ ಭಾಳ ಚಲೋ ಬರ್ತೈತಿ. ಅದನ್ನ ಆಂಪ್‌ಗೆ ಹಚ್ಚಿದ್ರ ಸೌಂಡ್ ಮಬ್ಬ ಆಗಿಬಿಡ್ತೈತಿ. ಗೆಳ್ಯಾ ಒಬ್ಬಂವ ‘ಕ್ಯಾಬ್’ ಅನ್ನೂದನ್ನ ಬಂದ್ ಮಾಡಿ ಕೊಟ್ಟ, ಮನ್ಯಾಗ ಛಲೋ ಆತು. ಮುಂದ ಶಿರಹಟ್ಟಿ ಕಡೆ ಒಂದು ಕಾರ್ಯಕ್ರಮಕ್ಕ ಆಂಪ್ ಒಯ್ಯದ ಸೀದಾ ಮೈಕ್ ಸೆಟ್ಟಿಗೆ ಹಚ್ಚಿದೆ, ಕಿವ್ಯಾಗ ಚುಚ್ಚೂ ಹಂಗ ಆತು. ಆಂಪ್ ಹಿಂದ ಸೆಂಡ್, ರಿಟರ್ನ್ ಅಂತ ಎರಡು ತೂತು ಅದಾವ, ಅವು ಯಾತಕ್ಕ? ಹೊಸ ಆಂಪ್ ತಗೋಬೇಕೇನು?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಹೊಸ ಆಂಪ್ ಬೇಡ. ನಿಮ್ಮ ಆಂಪ್ ಕೆಟ್ಟಿಲ್ಲ, ಪ್ರೊಸೆಸರೂ ಕೆಟ್ಟಿಲ್ಲ, ಶಿರಹಟ್ಟಿ ಕಡೆಯ ಆ ಮೈಕ್ ಸೆಟ್‌ನವರದೂ ಏನೂ ತಪ್ಪಿಲ್ಲ. ಮನೆಯಲ್ಲಿ ಮಬ್ಬಾಗಿದ್ದಕ್ಕೂ ವೇದಿಕೆಯಲ್ಲಿ ಚುಚ್ಚಿದ್ದಕ್ಕೂ ಕಾರಣ ಒಂದೇ. ನಿಮ್ಮ ಗೆಳೆಯರು ಬಂದ್ ಮಾಡಿಕೊಟ್ಟರಲ್ಲ, ಆ ‘ಕ್ಯಾಬ್’.

ಗಿಟಾರ್ ಆಂಪ್‌ನ ಸ್ಪೀಕರ್ ಮನೆಯ ಮ್ಯೂಸಿಕ್ ಸಿಸ್ಟಮ್ಮಿನ ಸ್ಪೀಕರಿನಂಥದಲ್ಲ. ಹತ್ತು-ಹನ್ನೆರಡು ಇಂಚಿನ ಕಾಗದದ ಕೋನು, ಜೊತೆಗೆ ಸಣ್ಣ ದನಿಗಾಗಿ ಬೇರೆ ಟ್ವೀಟರ್ ಇರುವುದಿಲ್ಲ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದರ ದನಿ ಕಡಿದಾಗಿ ಇಳಿದುಬಿಡುತ್ತದೆ. ಡಿಸ್ಟಾರ್ಶನ್ ಹಾಕಿದ ಗಿಟಾರಿನಲ್ಲಿ ಅದಕ್ಕೂ ಮೇಲಿನ ಚೂಪು ದನಿಗಳು ರಾಶಿ ಇರುತ್ತವೆ. ಅವನ್ನೆಲ್ಲ ಈ ಸ್ಪೀಕರ್ ನುಂಗಿಕೊಳ್ಳುವುದರಿಂದಲೇ ರಾಕ್ ಗಿಟಾರು ಕೇಳಲು ಹಿತ. ಹೆಡ್‌ಫೋನಾಗಲಿ, ಮೈಕ್ ಸೆಟ್ಟಿನ ಬಾಕ್ಸ್ ಆಗಲಿ ಏನನ್ನೂ ನುಂಗುವುದಿಲ್ಲ, ಬಂದದ್ದನ್ನೆಲ್ಲ ಹೊರಗೆ ಹಾಕುತ್ತವೆ. ಆದ್ದರಿಂದ ಪ್ರೊಸೆಸರ್ ಮಾಡುವವರು ಆ ಸ್ಪೀಕರಿನ ಕೆಲಸವನ್ನೂ ಲೆಕ್ಕಾಚಾರದಲ್ಲಿ ಮಾಡಿ ಒಳಗೇ ಕೂರಿಸಿದರು. ‘ಕ್ಯಾಬ್’ ಅಂದರೆ ಕ್ಯಾಬಿನೆಟ್, ಸ್ಪೀಕರ್ ಪೆಟ್ಟಿಗೆ. ಕೆಲವು ಮಾಡೆಲ್‌ಗಳಲ್ಲಿ ಅದನ್ನೇ ‘ಐಆರ್’ ಅನ್ನುತ್ತಾರೆ.

ಈಗ ನಿಮ್ಮ ಮನೆಯಲ್ಲಿ ಏನಾಗಿತ್ತು ನೋಡಿ. ಒಳಗಿನ ನಕಲಿ ಸ್ಪೀಕರ್ ಒಮ್ಮೆ ಮೇಲಿನ ದನಿ ಕತ್ತರಿಸಿತು, ಹೊರಗಿನ ಅಸಲಿ ಸ್ಪೀಕರ್ ಇನ್ನೊಮ್ಮೆ ಕತ್ತರಿಸಿತು. ಒಮ್ಮೆ ಕರಿದ ಮಿರ್ಚಿಯನ್ನು ಮತ್ತೆ ಎಣ್ಣೆಗೆ ಬಿಟ್ಟ ಹಾಗೆ. ವೇದಿಕೆಯ ಮೇಲೆ ಆದದ್ದು ಇದರ ಉಲ್ಟಾ: ಕ್ಯಾಬ್ ಬಂದ್ ಇತ್ತು, ಮುಂದೆ ಗಿಟಾರ್ ಸ್ಪೀಕರೂ ಇರಲಿಲ್ಲ. ಕತ್ತರಿಸುವವರೇ ಇಲ್ಲದೆ ಎಲ್ಲ ಚೂಪು ಜನರ ಕಿವಿಗೆ ಹೋಯಿತು.

ಹಾಗಾಗಿ ಪಿನ್ನು ಹಚ್ಚುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ನನ್ನ ದನಿ ಕೊನೆಗೆ ಹೊರಬೀಳುವುದು ಗಿಟಾರ್ ಆಂಪ್‌ನ ಸ್ಪೀಕರಿನಿಂದಲೋ, ಮೈಕ್ ಸೆಟ್ಟಿನ ಬಾಕ್ಸಿನಿಂದಲೋ? ಮೊದಲನೆಯದಾದರೆ ಕ್ಯಾಬ್ ಬಂದ್, ಎರಡನೆಯದಾದರೆ ಕ್ಯಾಬ್ ಚಾಲೂ. ಬಹಳಷ್ಟು ಪ್ರೊಸೆಸರ್‌ಗಳಲ್ಲಿ ಇದನ್ನು ಪ್ರತಿ ಪ್ಯಾಚಿಗೂ, ಅಂದರೆ ಉಳಿಸಿಟ್ಟ ಪ್ರತಿ ಸೆಟ್ಟಿಂಗಿಗೂ, ತಿದ್ದುತ್ತ ಕೂರಬೇಕಾಗಿಲ್ಲ, ‘ಔಟ್‌ಪುಟ್ ಸೆಲೆಕ್ಟ್’ ಅಥವಾ ‘ಗ್ಲೋಬಲ್’ ಎಂಬ ಮೆನುವಿನಲ್ಲಿ ಒಮ್ಮೆಲೇ ಬದಲಿಸಬಹುದು. ಬಾಸ್ ಕಂಪನಿಯ ಕೆಲವು ಮಾಡೆಲ್‌ಗಳು ನೀವು ಯಾವ ಥರದ ಆಂಪ್‌ಗೆ ಹಚ್ಚಿದ್ದೀರಿ ಎಂದೇ ಕೇಳುತ್ತವೆ. ಹೆಚ್ಚಿನವರು ಆ ಮೆನು ತೆರೆದೇ ನೋಡಿರುವುದಿಲ್ಲ.

ನಿಮ್ಮ ಕಡೆಯ ಹಳೆಯ ಆರ್ಕೆಸ್ಟ್ರಾ ಕಲಾವಿದರನ್ನು ಕೇಳಿದರೆ ‘ಕ್ಯಾಬ್‌ಗೀಬ್ ಏನಿಲ್ಲ ತಮ್ಮಾ, ಗಿಟಾರಿನ ವಾಯರ್ ಪ್ರೊಸೆಸರಿಗೆ, ಪ್ರೊಸೆಸರಿನ ವಾಯರ್ ಆಂಪ್ ಮುಂದಿನ ಇನ್‌ಪುಟ್‌ಗೆ, ಮುಗೀತು’ ಎನ್ನಬಹುದು. ಅವರು ಹೇಳುವುದು ಅವರ ಕಾಲದ ಯಂತ್ರಕ್ಕೆ ಸರಿ. 1988ರಲ್ಲಿ ಬಂದ ಬಾಸ್ ಎಂಇ-5ರಂಥ ಪೆಟ್ಟಿಗೆಗಳಲ್ಲಿ ಇದ್ದದ್ದು ಡಿಸ್ಟಾರ್ಶನ್, ಕೋರಸ್, ಡಿಲೇ, ರಿವರ್ಬ್ ಇಂಥವು. ಅದಕ್ಕೂ ಮೊದಲು ಬಿಡಿಬಿಡಿ ಪೆಡಲ್‌ಗಳಾಗಿ ನೆಲದ ಮೇಲೆ ಹರಡಿಕೊಂಡಿದ್ದವನ್ನು ಒಂದೇ ಡಬ್ಬಿಯಲ್ಲಿ ತುಂಬಿದ್ದರು, ಅಷ್ಟೆ. ಆಂಪ್ ಮಾತ್ರ ಹೊರಗೇ ಇತ್ತು. 1998ರಲ್ಲಿ ಅಮೆರಿಕದ ಲೈನ್ 6 ಕಂಪನಿ ‘ಪಾಡ್’ ತಂದ ಮೇಲೆ ಗಾಳಿ ತಿರುಗಿತು. ಹೆಸರಾಂತ ಆಂಪ್‌ಗಳ ದನಿಯನ್ನೂ ಅವುಗಳ ಸ್ಪೀಕರ್ ಪೆಟ್ಟಿಗೆಯ ದನಿಯನ್ನೂ ಡಿಜಿಟಲ್ ಆಗಿ ಅನುಕರಿಸುವ ಕೆಲಸ ಸಾಮಾನ್ಯರ ಕೈಗೆ ಸಿಕ್ಕಿತು. ಇವತ್ತು ಹೊಸದಾಗಿ ಕೊಳ್ಳುವ ಅಗ್ಗದ ಪ್ರೊಸೆಸರಿನೊಳಗೂ ಪೂರ್ತಿ ಆಂಪ್ ಕೂತಿರುತ್ತದೆ. ಅದನ್ನು ಇನ್ನೊಂದು ಆಂಪ್‌ಗೆ ಹಚ್ಚುವುದೆಂದರೆ ಒಂದು ಸಾಲಿನಲ್ಲಿ ಎರಡು ಆಂಪ್ ನಿಲ್ಲಿಸಿದಂತೆಯೇ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನೀವೇ ತೀರ್ಮಾನಿಸಬೇಕು.

ಆಂಪ್ ಮುಂದಿನ ಇನ್‌ಪುಟ್‌ಗೇ ಹಚ್ಚುತ್ತೀರಾ? ಆಗ ಪ್ರೊಸೆಸರಿನಲ್ಲಿ ಕ್ಯಾಬನ್ನೂ ಆಂಪ್ ಮಾಡೆಲನ್ನೂ ಬಂದ್ ಮಾಡಿ, ಎಫೆಕ್ಟ್ ಮಾತ್ರ ಬಳಸಿ. ಆಂಪ್ ಕ್ಲೀನ್ ಚಾನೆಲ್‌ನಲ್ಲಿರಲಿ, ಗೇನ್ ಕೆಳಗಿರಲಿ. ಇಲ್ಲೊಂದು ಸೂಕ್ಷ್ಮವಿದೆ. ಬಾಸ್, ಮಿಡ್, ಟ್ರೆಬಲ್ ಮೂರೂ ಗುಬ್ಬಿಗಳನ್ನು ನಡುವೆ ನಿಲ್ಲಿಸಿದರೆ ದನಿ ಸಮವಾಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಫೆಂಡರ್ ಮಾದರಿಯ ಆಂಪ್‌ಗಳಲ್ಲಿ ಹಾಗಾಗುವುದಿಲ್ಲ. ಅವುಗಳ ಸರ್ಕೀಟೇ ನಡುದನಿಯನ್ನು ತಗ್ಗಿಸುವಂಥದು. ಮಿಡ್ ಪೂರ್ತಿ ಏರಿಸಿ, ಬಾಸ್ ಮತ್ತು ಟ್ರೆಬಲ್ ಎರಡು-ಮೂರರ ಹತ್ತಿರ ಇಟ್ಟರೆ ಸಮಕ್ಕೆ ಹತ್ತಿರ ಬರುತ್ತದೆ. ಪ್ರೊಸೆಸರ್ ಕೊಟ್ಟದ್ದನ್ನು ಆಂಪ್ ಬದಲಿಸದೆ ಕೇಳಿಸಬೇಕಾದಾಗ ಅಲ್ಲಿಂದ ಶುರು ಮಾಡಿ.

ಇನ್ನು ಆ ಎರಡು ತೂತು. ಆಂಪ್ ಒಳಗೆ ಎರಡು ಭಾಗಗಳಿರುತ್ತವೆ. ಮೊದಲನೆಯದು ಪ್ರಿಆಂಪ್, ದನಿಯ ಬಣ್ಣ ತೀರ್ಮಾನವಾಗುವ ಜಾಗ. ಎರಡನೆಯದು ಪವರ್ ಆಂಪ್, ಸ್ಪೀಕರನ್ನು ನೂಕುವ ಶಕ್ತಿ. ಸೆಂಡ್ ಎಂದರೆ ಪ್ರಿಆಂಪ್ ಮುಗಿದಲ್ಲಿ ಹೊರಗೆ ಹೋಗುವ ಬಾಗಿಲು, ರಿಟರ್ನ್ ಎಂದರೆ ಪವರ್ ಆಂಪ್‌ನೊಳಗೆ ಬರುವ ಬಾಗಿಲು. ಪ್ರೊಸೆಸರಿನ ಔಟ್‌ಪುಟ್ಟನ್ನು ಸೀದಾ ರಿಟರ್ನ್‌ಗೆ ಹಚ್ಚಿದರೆ ನಿಮ್ಮ ಆಂಪ್‌ನ ಪ್ರಿಆಂಪ್ ಆಟದಿಂದ ಹೊರಗೆ. ಆಗ ಪ್ರೊಸೆಸರಿನ ಆಂಪ್ ಮಾಡೆಲ್ ಚಾಲೂ ಇಡಿ, ಕ್ಯಾಬ್ ಮಾತ್ರ ಬಂದ್ ಇಡಿ. ನಿಮ್ಮ ಪ್ರೊಸೆಸರ್ ಅಷ್ಟು ಚೆನ್ನಾಗಿದ್ದರೆ, ಆಂಪ್ ಸಾಧಾರಣದ್ದಾದರೆ, ನನ್ನ ಓಟು ಇದಕ್ಕೇ. ಆದರೆ ಎಚ್ಚರ: ಕೆಲವು ಆಂಪ್‌ಗಳಲ್ಲಿ ರಿಟರ್ನ್‌ಗೆ ಬಂದ ದನಿಯ ಮೇಲೆ ವಾಲ್ಯೂಮ್ ಗುಬ್ಬಿಯ ಹಿಡಿತವೇ ಇರುವುದಿಲ್ಲ, ಹಚ್ಚಿದ ಕೂಡಲೇ ಮನೆ ನಡುಗುತ್ತದೆ. ಪ್ರೊಸೆಸರಿನ ಔಟ್‌ಪುಟ್ ಲೆವೆಲ್ ಸೊನ್ನೆಗಿಟ್ಟು ನಿಧಾನ ಏರಿಸಿ. ಪಕ್ಕದಲ್ಲಿ ‘ಸ್ಪೀಕರ್ ಔಟ್’ ಎಂಬ ಇನ್ನೊಂದು ತೂತು ಇದ್ದರೆ ಅದಕ್ಕೂ ಪ್ರೊಸೆಸರಿಗೂ ಎಂದೂ ನಂಟು ಹಚ್ಚಬೇಡಿ. ಅಲ್ಲಿಂದ ಬರುವುದು ಸ್ಪೀಕರ್ ನೂಕುವ ಶಕ್ತಿ, ಪ್ರೊಸೆಸರ್ ಸುಡುತ್ತದೆ.

ಸೆಂಡನ್ನೂ ರಿಟರ್ನನ್ನೂ ಇನ್‌ಪುಟ್ಟನ್ನೂ ಸೇರಿಸಿ ನಾಲ್ಕು ವಾಯರ್ ಹಚ್ಚುವ ಪದ್ಧತಿಯೂ ಇದೆ. ಡಿಸ್ಟಾರ್ಶನ್ ಆಂಪ್‌ನ ಪ್ರಿಆಂಪ್‌ಗೆ ಮುಂಚೆ, ಡಿಲೇ-ರಿವರ್ಬ್ ಅದರ ನಂತರ ಬರಲಿ ಎಂಬುದು ಅದರ ಉದ್ದೇಶ. ಆಂಪ್‌ನದೇ ದನಿ ಇಷ್ಟಪಟ್ಟು ಕೊಂಡವರಿಗೆ ಅದು ಸರಿ. ಅದಕ್ಕೆ ಪ್ರೊಸೆಸರಿನಲ್ಲೂ ಸೆಂಡ್-ರಿಟರ್ನ್ ಬೇಕು, ಸಣ್ಣ ಮಾಡೆಲ್‌ಗಳಲ್ಲಿ ಇರುವುದಿಲ್ಲ. ನಿಮಗೆ ಸದ್ಯ ಅದರ ಉಸಾಬರಿ ಬೇಡ.

ನಿಮಗೆ ನಿಜವಾಗಿ ಬೇಕಾದ್ದು ವೇದಿಕೆಯ ಲೆಕ್ಕ. ಲಕ್ಕುಂಡಿ ಉತ್ಸವವಿರಲಿ, ಫಕ್ಕೀರೇಶ್ವರ ಜಾತ್ರೆಯಿರಲಿ, ಬಯಲಿನಲ್ಲಿ ಕೂತ ಜನಕ್ಕೆ ಕೇಳುವುದು ನಿಮ್ಮ ಆಂಪ್ ಅಲ್ಲ, ಮೈಕ್ ಸೆಟ್ಟಿನ ಬಾಕ್ಸ್. ಗದಗ ಸೀಮೆ ವೀರೇಶ್ವರ ಪುಣ್ಯಾಶ್ರಮದ ಸೀಮೆ. ಹಾರ್ಮೋನಿಯಂ, ತಬಲಾ, ವಚನಗಾಯನಕ್ಕೆ ಮೈಕ್ ಎಲ್ಲಿ ಇಡಬೇಕೆಂದು ಇಲ್ಲಿನ ಮೈಕ್ ಸೆಟ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಮಾತು ಬೇರೆ, ನೀವು ಬಾಯಿಬಿಟ್ಟು ಹೇಳಬೇಕು: ‘ಅಣ್ಣಾ, ಇದು ಮೈಕ್ ಅಲ್ಲ, ಲೈನ್. ಲೈನ್ ಇನ್‌ಗೆ ತಗೋರಿ, ಟ್ರೆಬಲ್ ಏರಿಸಬ್ಯಾಡ್ರಿ.’ ಪ್ರೊಸೆಸರಿನ ಲೈನ್ ದನಿ ಮೈಕಿನ ದನಿಗಿಂತ ಎಷ್ಟೋ ಪಟ್ಟು ಜೋರು. ಮೈಕ್ ಚಾನೆಲ್‌ಗೆ ಹಾಕಿ ಗೇನ್ ಇಳಿಸದಿದ್ದರೆ ಅಲ್ಲೇ ಒಡೆಯುತ್ತದೆ, ನೀವು ಪ್ರೊಸೆಸರಿನಲ್ಲಿ ಏನು ತಿದ್ದಿದರೂ ಸರಿಹೋಗುವುದಿಲ್ಲ.

ಒಂದೇ ವಾಯರ್ ಕೊಡುವುದಾದರೆ ‘ಎಲ್/ಮೊನೊ’ ಎಂದು ಬರೆದಿರುವುದಕ್ಕೇ ಹಚ್ಚಿ. ‘ಆರ್’ಗೆ ಮಾತ್ರ ಹಚ್ಚಿದರೆ ಸ್ಟೀರಿಯೋ ಎಫೆಕ್ಟ್‌ನ ಅರ್ಧವೇ ಹೋಗುತ್ತದೆ. ಹೆಡ್‌ಫೋನ್ ತೂತಿನಿಂದ ಮಿಕ್ಸರಿಗೆ ಕೊಡುವ ಚಾಳಿ ಬಹಳ ಮಂದಿಗಿದೆ. ಮೂರು ಪಟ್ಟಿಯ ಸ್ಟೀರಿಯೋ ಪಿನ್ನಿನ ವಾಯರನ್ನು ಮಿಕ್ಸರಿನ ಬ್ಯಾಲೆನ್ಸ್‌ಡ್ ಇನ್‌ಪುಟ್‌ಗೆ ಹಾಕಿದರೆ, ಎಡ-ಬಲ ಎರಡರಲ್ಲೂ ಸಮನಾಗಿರುವ ದನಿ ಒಂದನ್ನೊಂದು ಕಳೆದುಕೊಳ್ಳುತ್ತದೆ. ನಿಮ್ಮ ಮುಖ್ಯ ಗಿಟಾರ್ ಮಾಯ, ಉಳಿಯುವುದು ರಿವರ್ಬ್‌ನ ಬಾಲ ಮಾತ್ರ. ‘ಪಿನ್ನು ಸರಿ ಕೂತಿಲ್ಲ’ ಎಂದು ಅಲುಗಾಡಿಸುತ್ತಾರೆ, ಅರ್ಧ ಹೊರಗೆಳೆದಾಗ ಒಮ್ಮೊಮ್ಮೆ ದನಿ ಬರುತ್ತದೆ, ಕಾರ್ಯಕ್ರಮ ಮುಗಿಯುವವರೆಗೂ ಹಾಗೇ ಹಿಡಿದು ಕೂರುತ್ತಾರೆ.

ಮಿಕ್ಸರ್ ದೂರದಲ್ಲಿದ್ದರೆ ಡಿಐ ಬಾಕ್ಸ್ ಕೇಳಿ. ಪ್ರೊಸೆಸರಿನ ದನಿಯನ್ನು ಮೈಕ್ ವಾಯರಿನಲ್ಲಿ ಉದ್ದಕ್ಕೆ ಸಾಗಿಸಲು ಅದು ಬೇಕು. ಅದರ ಮೇಲೆ ‘ಗ್ರೌಂಡ್ ಲಿಫ್ಟ್’ ಎಂಬ ಸಣ್ಣ ಸ್ವಿಚ್ ಇರುತ್ತದೆ. ಆಂಪೂ ಮಿಕ್ಸರೂ ಬೇರೆಬೇರೆ ಕಡೆಯಿಂದ ಕರೆಂಟ್ ತೆಗೆದುಕೊಂಡಾಗ ‘ಗುಂಯ್’ ಎನ್ನುತ್ತದಲ್ಲ, ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್, ಅದು ಈ ಸ್ವಿಚ್ಚಿಗೆ ಬಹುತೇಕ ನಿಲ್ಲುತ್ತದೆ.

ಗುಂಯ್ ನಿಲ್ಲಿಸಲು ಆಂಪ್‌ನ ಮೂರು ಪಿನ್ನಿನಲ್ಲಿ ದಪ್ಪ ಪಿನ್ನನ್ನೇ ಕಿತ್ತುಹಾಕುವವರಿದ್ದಾರೆ. ಇದೊಂದನ್ನು ಮಾತ್ರ ಮಾಡಬೇಡಿ. ಗಿಟಾರಿನ ತಂತಿಗಳು ಬ್ರಿಜ್ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತವೆ. ಅಂದರೆ ತಂತಿ ಹಿಡಿದ ನಿಮ್ಮ ಕೈ ಒಂದು ಕಡೆ, ಮೈಕಿಗೆ ತಾಗುವ ತುಟಿ ಇನ್ನೊಂದು ಕಡೆ. ಎರಡರ ಅರ್ಥಿಂಗ್ ಬೇರೆಯಾದರೆ ಅಥವಾ ಒಂದಕ್ಕೆ ಇಲ್ಲದಿದ್ದರೆ ಕರೆಂಟಿಗೆ ನಿಮ್ಮ ಎದೆಯೇ ದಾರಿ. ಸ್ಕಾಟ್ಲೆಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ 1972ರಲ್ಲಿ ಸ್ವಾನ್ಸೀ ಊರಿನ ವೇದಿಕೆಯ ಮೇಲೆ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಜೀವ ಕಳೆದುಕೊಂಡರು. ಜಾತ್ರೆಯಲ್ಲಿ ಜನರೇಟರ್, ಮಳೆ ಬಿದ್ದ ನೆಲ, ಜೋಡಿಸಿ ಟೇಪು ಸುತ್ತಿದ ವಾಯರ್, ಎಲ್ಲ ಇರುತ್ತವೆ. ಮಿಕ್ಸರ್ ಇರುವ ಬೋರ್ಡಿನಿಂದಲೇ ನಿಮ್ಮ ಆಂಪ್‌ಗೂ ಕರೆಂಟ್ ತೆಗೆದುಕೊಳ್ಳಿ. ಮಲ್ಟಿಮೀಟರ್ ಇದ್ದವರಿಂದ ತಂತಿಗೂ ಮೈಕಿನ ಜಾಲರಿಗೂ ನಡುವೆ ಎಸಿ ವೋಲ್ಟ್ ಅಳೆಸಿ. ಮುಳ್ಳು ಎದ್ದರೆ ಇಲೆಕ್ಟ್ರಿಶಿಯನ್ ಬಂದು ನೋಡುವ ತನಕ ಗಿಟಾರ್ ಪೆಟ್ಟಿಗೆಯಲ್ಲೇ ಇರಲಿ.

ಪ್ಯಾಚ್ ಮಾಡುವ ಬಗ್ಗೆ ನೀವು ಕೇಳಿಲ್ಲ, ಆದರೂ ಕೇಳಿದ ಹಾಗೇ. ಮನೆಯಲ್ಲಿ ರಾತ್ರಿ ಮೆಲ್ಲಗೆ ನುಡಿಸುತ್ತ ಮಾಡಿದ ಪ್ಯಾಚು ವೇದಿಕೆಯಲ್ಲಿ ಹೊಂದುವುದಿಲ್ಲ. ದನಿ ಸಣ್ಣದಿದ್ದಾಗ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ. 1933ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಆ ಕೊರತೆ ತುಂಬಲು ನೀವು ಬಾಸ್ ಏರಿಸಿರುತ್ತೀರಿ, ಜೋರಾಗಿ ಬಿಟ್ಟಾಗ ಅದು ಕೀಬೋರ್ಡಿನ ಜೊತೆ, ಢೋಲಕಿನ ಜೊತೆ ಗುದ್ದಾಡುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಸೌಂಡ್ ಚೆಕ್ ಸಿಕ್ಕರೆ ಅಲ್ಲೇ, ಆ ಜೋರಿನಲ್ಲೇ, ಬಾಸ್ ಇಳಿಸಿ ಮಿಡ್ ತುಸು ಏರಿಸಿ ಉಳಿಸಿಕೊಳ್ಳಿ. ಕಲ್ಯಾಣ ಮಂಟಪವಾದರೆ ರಿವರ್ಬ್ ಪೂರ್ತಿ ತೆಗೆಯಿರಿ, ಆ ಗೋಡೆಗಳೇ ಬೇಕಾದಷ್ಟು ಕೊಡುತ್ತವೆ.

ಆಂಪ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಡಿಐ ಬಾಕ್ಸ್, ಎರಡು ಗಟ್ಟಿ ವಾಯರ್ ಮತ್ತು ಪ್ರೊಸೆಸರಿಗೆ ಕಂಪನಿಯದೇ ಇನ್ನೊಂದು ಅಡಾಪ್ಟರ್ ಕೊಳ್ಳಿ. ಪಿನ್ನು ಕೂರುತ್ತದೆಂದು ಕೀಬೋರ್ಡಿನ ಅಡಾಪ್ಟರ್ ಚುಚ್ಚಬೇಡಿ. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವಕ್ಕೆ 9 ವೋಲ್ಟ್, ನಡುಪಿನ್ನಿಗೆ ಮೈನಸ್ ಇರಬೇಕು, ಕೀಬೋರ್ಡುಗಳಲ್ಲಿ ಇದು ಉಲ್ಟಾ ಇರುವುದುಂಟು. ಎರಡರ ಮೇಲೂ ಸಣ್ಣ ವೃತ್ತದ ಗುರುತು ಅಚ್ಚಾಗಿರುತ್ತದೆ, ಹೋಲಿಸಿ ನೋಡಿ. ಇನ್ನು ಈ ವಾರವೇ ಮಾಡಬಹುದಾದ, ದುಡ್ಡಿಲ್ಲದ ಕೆಲಸವೊಂದಿದೆ: ನಿಮಗೆ ಬೇಕಾದ ನಾಲ್ಕೈದು ಪ್ಯಾಚುಗಳನ್ನು ನಕಲು ಮಾಡಿ ಎರಡು ಬ್ಯಾಂಕ್‌ಗಳಲ್ಲಿ ಇಡಿ. ಒಂದರಲ್ಲಿ ಕ್ಯಾಬ್ ಬಂದ್, ‘ಮನಿ’ ಎಂದು ಹೆಸರಿಡಿ. ಇನ್ನೊಂದರಲ್ಲಿ ಕ್ಯಾಬ್ ಚಾಲೂ, ‘ಜಾತ್ರಿ’ ಎನ್ನಿ.