ಎತ್ತಿ ನಿಲ್ಲಿಸಬಲ್ಲ ಬೈಕು

ಬೈಕಿನಲ್ಲಿ ಊರೂರು ಸುತ್ತಬೇಕೆಂಬ ಆಸೆ ಹೊತ್ತವರು ಹೆಚ್ಚಾಗಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘350 ಸಿಸಿ ಸಾಕಾ, ಇನ್ನೂ ದೊಡ್ಡದು ಬೇಕಾ?’ ನನ್ನ ಬಳಿ ಮೊದಲು ಇದ್ದದ್ದು 100 ಸಿಸಿ ಬೈಕು, ಈಗಿರುವುದು 125 ಸಿಸಿಯದು. ಕಳಸ, ಕೊಪ್ಪ, ಸೊರಬ, ಬಾದಾಮಿ ಎಲ್ಲವನ್ನೂ ನಾನು ನೋಡಿದ್ದು ಇವುಗಳ ಮೇಲೆಯೇ. ದೊಡ್ಡ ಬೈಕು ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯಿರಿ ಎನ್ನುವುದೇ ನನ್ನ ಉತ್ತರ.

ನಮ್ಮ ರಾಜ್ಯದಲ್ಲಿ ಬೈಕಿನ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ. 50 ಸಾವಿರದಿಂದ 1 ಲಕ್ಷದವರೆಗಿನ ಬೆಲೆಗೆ ಶೇ 12, ಲಕ್ಷ ದಾಟಿತೋ ಶೇ 18. 80 ಸಾವಿರದ ಬೈಕಿಗೆ 9,600 ರೂಪಾಯಿ ಕಟ್ಟಿದರೆ 2 ಲಕ್ಷದ್ದಕ್ಕೆ 36,000. ಸೆಸ್ ಬೇರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆದರೆ ಆ ಲಾಭ ಚಿಕ್ಕದಕ್ಕೂ ಸಿಕ್ಕಿದೆ, ದೊಡ್ಡದಕ್ಕೂ ಸಿಕ್ಕಿದೆ. ವಿಮೆಯ ಮಾತಿಗೆ ಬಂದರೆ, 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ಕಂತು 150 ಸಿಸಿಯೊಳಗೆ ವರ್ಷಕ್ಕೆ 714 ರೂಪಾಯಿ, ಅದರಾಚೆ 350ರವರೆಗೆ 1,366.

ಪೆಟ್ರೋಲಿನದು ಇನ್ನೂ ದೊಡ್ಡ ಬಾಬತ್ತು. ವರ್ಷಕ್ಕೆ 10 ಸಾವಿರ ಕಿಲೋಮೀಟರ್ ಓಡಿಸುತ್ತೀರಿ ಎಂದುಕೊಳ್ಳಿ. ಲೀಟರಿಗೆ 60 ಕಿಲೋಮೀಟರ್ ಕೊಡುವ ಬೈಕು ಸುಮಾರು 167 ಲೀಟರ್ ಕುಡಿಯುತ್ತದೆ. 33 ಕೊಡುವುದಕ್ಕೆ 303 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೂ ವರ್ಷಕ್ಕೆ 14 ಸಾವಿರದ ಅಂತರ. ಮಲೆನಾಡಿನ ಯಾವುದಾದರೂ ಹೋಂಸ್ಟೇಯಲ್ಲಿ ನಾಲ್ಕೈದು ರಾತ್ರಿ ಉಳಿದು ಬರಬಹುದಾದ ದುಡ್ಡು ಅದು.

ಆದರೂ ನಾನು ಚಿಕ್ಕ ಬೈಕನ್ನೇ ಹಿಡಿದುಕೊಂಡಿರುವುದಕ್ಕೆ ದೊಡ್ಡ ಕಾರಣ ದುಡ್ಡಲ್ಲ, ತೂಕ. ಹೋಂಡಾ ಶೈನ್ 100 ಕೇವಲ 99 ಕೆಜಿ. ಸ್ಪ್ಲೆಂಡರ್ ಪ್ಲಸ್ 112. ಟಿವಿಎಸ್ ರೈಡರ್ 123. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಗುವುದು 195 ಕೆಜಿ. ಹೆದ್ದಾರಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ದೊಡ್ಡದು ಇನ್ನೂ ಭದ್ರವಾಗಿ ಕೂತಂತೆಯೇ ಅನಿಸುತ್ತದೆ. ಗೊತ್ತಾಗುವುದು ಟಾರು ಮುಗಿದ ಮೇಲೆ. ಮಳೆಗಾಲದಲ್ಲಿ ಕಳಸದ ಕಡೆ ರಸ್ತೆ ಬಿಟ್ಟು ತೋಟದ ಮನೆಗೆ ಇಳಿಯುವ ಕೆಮ್ಮಣ್ಣಿನ ದಾರಿಯಲ್ಲಿ ಹಿಂದಿನ ಚಕ್ರ ಜಾರಿ ಬೈಕು ಪಕ್ಕಕ್ಕೆ ಮಲಗಿದ್ದುಂಟು. ಬ್ಯಾಗು ಬಿಚ್ಚಿಟ್ಟು, ಬೆನ್ನು ಕೊಟ್ಟು, ಒಬ್ಬನೇ ಎತ್ತಿ ನಿಲ್ಲಿಸಿದೆ. ಆ ಇಳಿಜಾರಿನಲ್ಲಿ ಕೂಗಿದರೂ ಓಗೊಡಲು ಯಾರೂ ಇರಲಿಲ್ಲ. ಇನ್ನೊಂದು ಸಲ ಕೊಟ್ಟಿಗೆಹಾರದ ಹತ್ತಿರ ಸಂಜೆ ಹೊತ್ತು ಟೈರು ಕೈಕೊಟ್ಟಾಗ ನಾನೂ ಆ ದಾರಿಯಲ್ಲಿ ಬಂದ ಗೂಡ್ಸ್ ಗಾಡಿಯೊಂದರ ಡ್ರೈವರೂ ಸೇರಿ ಬೈಕನ್ನು ಎತ್ತಿ ಹಿಂದಕ್ಕೆ ಹಾಕಿಕೊಂಡೆವು. ಮೂರನೆಯವರು ಬೇಕಾಗಲಿಲ್ಲ.

ರಿಪೇರಿಯ ಅನುಕೂಲವನ್ನೂ ಹೇಳಬೇಕು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, 1994ರಲ್ಲಿ ಸ್ಪ್ಲೆಂಡರ್. ಅಂದಿನಿಂದ ಈ ಜಾತಿಯ ಎಂಜಿನ್ನನ್ನು ಬಿಚ್ಚಿ ಜೋಡಿಸದ ಮೆಕ್ಯಾನಿಕ್ ಹೋಬಳಿ ಮಟ್ಟದಲ್ಲಿ ಸಿಗುವುದೇ ಅಪರೂಪ. ಕ್ಲಚ್ ಕೇಬಲ್ಲು, ಪ್ಲಗ್ಗು ಅಲ್ಲೇ ಅಂಗಡಿಯಲ್ಲಿ ನೇತಾಡುತ್ತಿರುತ್ತವೆ.

ಚಿಕ್ಕ ಬೈಕಿಗೆ ಅದರ ಮಿತಿಯೂ ಇದೆ. ಎಂಟು ಹಾರ್ಸ್‌ಪವರಿನ ಎಂಜಿನ್ನು ಗಂಟೆಗೆ 60ರ ಆಸುಪಾಸಿನಲ್ಲಿ ಖುಷಿಯಾಗಿ ಓಡುತ್ತದೆ. 80ರಲ್ಲಿ ನಡುಗುತ್ತದೆ. ಚಿತ್ರದುರ್ಗದ ಗಾಳಿಯಂತ್ರಗಳ ಬಳಿ ಅಡ್ಡಗಾಳಿ ಬೀಸಿದಾಗ, ಪಕ್ಕದಲ್ಲಿ ಲಾರಿ ದಾಟಿದಾಗ ಹ್ಯಾಂಡಲ್ ಬಿಗಿ ಹಿಡಿಯಬೇಕು. ಹಾಗಾಗಿ ನಾನು ದಿನಕ್ಕೆ 250-300 ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಬೆಂಗಳೂರು-ಶಿವಮೊಗ್ಗ ಒಂದು ದಿನಕ್ಕೆ ಸರಿಯಾದ ದೂರ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ದೊಡ್ಡದಿರಲಿ ಚಿಕ್ಕದಿರಲಿ ಸರ್ವಿಸ್ ರಸ್ತೆಯೇ ಗತಿ. ಊರುಗಳ ನಡುವೆ ಹಾದುಹೋಗುವ ರಾಜ್ಯ ಹೆದ್ದಾರಿಗಳೇ ಈ ಬೈಕುಗಳಿಗೆ ಒಗ್ಗುವ ದಾರಿ.

ಒಬ್ಬರೇ ಹೋಗುವವರಿಗೆ 100 ಸಿಸಿ ಸಾಕು. ಹಿಂದೆ ಇನ್ನೊಬ್ಬರು ಕೂರುತ್ತಾರೆ, ಘಾಟಿ ಹತ್ತಬೇಕು ಎಂದರೆ 125ಕ್ಕೆ ಹೋಗಿ, ಹತ್ತು ಹದಿನೈದು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ. ಜಿಪುಣತನ ಮಾಡಬಾರದ ಜಾಗ ಬ್ರೇಕು ಮತ್ತು ಟೈರು. ಕಡಿಮೆ ಬೆಲೆಯ ಮಾದರಿಗಳಲ್ಲಿ ಮುಂದೆಯೂ ಡ್ರಮ್ ಬ್ರೇಕೇ ಇರುತ್ತದೆ. ಚಾರ್ಮಾಡಿ ಇಳಿಯುವವರಿಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಇರಲೇಬೇಕು, ಟೈರು ಟ್ಯೂಬ್‌ಲೆಸ್ ಆಗಿರಬೇಕು. ಉಳಿಸಿದ ದುಡ್ಡಿನಲ್ಲಿ ಐಎಸ್ಐ ಗುರುತಿನ ಒಳ್ಳೆಯ ಹೆಲ್ಮೆಟ್ಟು, ರೇನ್‌ಕೋಟು ತೆಗೆದುಕೊಳ್ಳಿ.

ಸಾಲದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶೋರೂಮಿನಲ್ಲಿ ‘ಬರೀ ಹತ್ತು ಪರ್ಸೆಂಟ್ ಫ್ಲ್ಯಾಟ್’ ಎಂದರೆ ಹಿಗ್ಗಬೇಡಿ. ಒಂದೂವರೆ ಲಕ್ಷಕ್ಕೆ ಮೂರು ವರ್ಷ ಕಂತು ಕಟ್ಟಿದರೆ ಬಡ್ಡಿಯೇ 45 ಸಾವಿರ. ನೀವು ಅಸಲು ತೀರಿಸುತ್ತ ಹೋದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೇ ಬೀಳುವುದರಿಂದ, ಕರಗುವ ಅಸಲಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಶೇ 18. ಕೈಯಲ್ಲಿ ಪೂರ್ತಿ ದುಡ್ಡಿಲ್ಲದಿದ್ದರೆ ಕರ್ನಾಟಕದಲ್ಲೇ ನೋಂದಣಿಯಾದ, ಮೂರ್ನಾಲ್ಕು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಬೈಕು ನೋಡಿ. ಅದರ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರು ಆಗಲೇ ಕಟ್ಟಿರುತ್ತಾರೆ. ಆರ್‌ಸಿ ನಿಮ್ಮ ಹೆಸರಿಗೆ ಬದಲಾದ ಮೇಲೆಯೇ ದೂರದ ಪ್ರಯಾಣಕ್ಕೆ ಹೊರಡಿ.