ಗಂಡಸಿನ ಗುಣ: ಹುಟ್ಟಿನಿಂದಲೋ, ಕಟ್ಟಿನಿಂದಲೋ?

"ಗಂಡಸು ಅಂದರೆ ಹೀಗೆ, ಹೆಂಗಸು ಅಂದರೆ ಹಾಗೆ" ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇವೆ. ಗಂಡಸು ಗಟ್ಟಿಗ, ವ್ಯವಹಾರಸ್ಥ. ದುಡಿದು ಹೆಂಡತಿ ಮಕ್ಕಳನ್ನು ಸಾಕುವುದು, ಗಳಿಸಿದ್ದನ್ನು ಮಗನಿಗೆ ಬಿಟ್ಟುಹೋಗುವುದು ಅವನ ಹುಟ್ಟುಗುಣ. ಹೆಂಗಸು ಕೋಮಲೆ, ಮನೆ ನೋಡಿಕೊಳ್ಳುವವಳು, ಇನ್ನೊಬ್ಬರ ಮನೆಗೆ ಹೋಗತಕ್ಕವಳು. ಇದರಲ್ಲಿ ಸೃಷ್ಟಿಯ ಪಾಲೆಷ್ಟು, ರೂಢಿಯ ಪಾಲೆಷ್ಟು? ವಾಣಿಜ್ಯದ ವಿದ್ಯಾರ್ಥಿಯಾದ ನನಗೆ ಗೊತ್ತಿರುವುದು ಜಮಾ ಖರ್ಚು. ಆದ್ದರಿಂದ ಎರಡು ಕಡೆ ಗೆರೆ ಎಳೆದು ಬರೆದು ನೋಡೋಣ.

1. ದೇಹದ ಲೆಕ್ಕ

ಮೊದಲು ಸೃಷ್ಟಿಯ ಪಾಲು. ಹೆಣ್ಣಿನ ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳಿದ್ದರೆ, ಗಂಡಿನಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್, ಒಂದು ವೈ. ಹುಡುಗ ಹರೆಯಕ್ಕೆ ಬಂದಾಗ ಟೆಸ್ಟೊಸ್ಟಿರಾನ್ ಎಂಬ ರಸದ ಪ್ರಭಾವದಿಂದ ದನಿ ಒಡೆಯುತ್ತದೆ, ಮೀಸೆ ಮೂಡುತ್ತದೆ, ಮೈ ಬಲಿಯುತ್ತದೆ. ಎತ್ತರದಲ್ಲೂ ತೋಳ್ಬಲದಲ್ಲೂ ಗಂಡಸರ ಸರಾಸರಿ ಹೆಚ್ಚು. ಹಾಗೆಂದು ಗಂಡು ಎಲ್ಲದರಲ್ಲೂ ಗಟ್ಟಿ ಅಂತಲ್ಲ. ಅವನಿಗೆ ಎಕ್ಸ್ ಒಂದೇ ಇರುವುದರಿಂದ ಅದರಲ್ಲಿ ದೋಷ ಬಂದರೆ ತುಂಬಿಕೊಡಲು ಇನ್ನೊಂದಿಲ್ಲ. ಕೆಂಪು-ಹಸಿರು ಬಣ್ಣಗುರುಡು ಗಂಡಸರಲ್ಲೇ ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಆಯುಸ್ಸಿನ ಸರಾಸರಿಯಲ್ಲೂ ಹೆಚ್ಚು ಕಡಿಮೆ ಎಲ್ಲ ದೇಶಗಳಲ್ಲಿ ಹೆಂಗಸರೇ ಮುಂದು. ಇನ್ನು ಜಗತ್ತಿನಾದ್ಯಂತ ಕೊಲೆ ಮಾಡುವವರಲ್ಲಿ ಬಹುಪಾಲು ಗಂಡಸರೇ. ಇದನ್ನೂ ನಮ್ಮ ಖಾತೆಗೇ ಬರೆದುಕೊಳ್ಳಬೇಕು.

ಇಲ್ಲಿ "ಸರಾಸರಿ" ಎಂಬ ಮಾತನ್ನು ಸ್ವಲ್ಪ ಗಮನಿಸಿ. ಅಂಕಿಅಂಶ ಶಾಸ್ತ್ರದ ಮೊದಲ ಪಾಠವೇ ಇದು: ಸರಾಸರಿ ಗುಂಪಿನದು, ಒಬ್ಬೊಬ್ಬರದಲ್ಲ. ಗಂಡಸರ ಸರಾಸರಿ ಎತ್ತರ ಹೆಚ್ಚೇನೋ ಸರಿ, ಆದರೆ ನಮ್ಮ ತರಗತಿಯಲ್ಲೇ ನನಗಿಂತ ಎತ್ತರದ ಹುಡುಗಿಯರಿದ್ದಾರೆ. ಬುದ್ಧಿ, ನೆನಪು, ಲೆಕ್ಕ ಇವುಗಳಲ್ಲಂತೂ ಎರಡು ಗುಂಪುಗಳು ಬಹುಮಟ್ಟಿಗೆ ಒಂದರ ಮೇಲೊಂದು ಕೂತುಬಿಡುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ 2005ರಲ್ಲಿ ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿ, ಹೆಚ್ಚಿನ ಮನೋಗುಣಗಳಲ್ಲಿ ಗಂಡು ಹೆಣ್ಣಿನ ಅಂತರ ಬಹಳ ಚಿಕ್ಕದು ಎಂದು ತೋರಿಸಿದರು.

2. ಅಳಿಯಕಟ್ಟಿನ ಗಂಡಸು

ಹಾಗಾದರೆ "ಗಳಿಸಿದ್ದನ್ನು ಮಗನಿಗೆ ಬಿಡುವುದು" ಗಂಡಸಿನ ಹುಟ್ಟುಗುಣವೇ? ಇದಕ್ಕೆ ಉತ್ತರ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆ ಸಿಗುತ್ತದೆ. ಅಲ್ಲಿ ಬಂಟರು, ಬಿಲ್ಲವರು, ಮೊಗವೀರರು, ಜೈನರು ಮುಂತಾದವರಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಇಲ್ಲಿ ಅಳಿಯ ಅಂದರೆ ಮಗಳ ಗಂಡನಲ್ಲ, ಅಕ್ಕ ತಂಗಿಯರ ಮಗ. ಮನೆತನ ನಡೆಯುವುದು ತಾಯಿಯ ಕಡೆಯಿಂದ. ಗಂಡಸಿನ ಮಕ್ಕಳು ಅವನ ಕುಟುಂಬಕ್ಕೆ ಸೇರಿದವರಲ್ಲ, ಅವನ ಹೆಂಡತಿಯ ಕುಟುಂಬದವರು. ಆಸ್ತಿ ಅವನ ಸೋದರಿಯರ ಸಂತಾನಕ್ಕೆ. ಮದುವೆಯಾದ ಮೇಲೂ ಹೆಣ್ಣಿನ ಹಕ್ಕು ತವರಿನಲ್ಲೇ. ಕುಟುಂಬದ ಯಜಮಾನಿಕೆಗೆ ಗಂಡಸೂ ಬರಬಹುದಿತ್ತು, ಹೆಂಗಸೂ ಬರಬಹುದಿತ್ತು; ಬಂದರೆ ಅವಳು ಯಜಮಾನ್ತಿ.

ಇದಕ್ಕೆ ಒಂದು ಕಥೆಯನ್ನೂ ಹೇಳುತ್ತಾರೆ. ಭೂತ ಒಂದು ಬಲಿ ಕೇಳಿದಾಗ ಅರಸನ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲವಂತೆ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳಂತೆ. ಆ ಅಳಿಯನೇ ಭೂತಾಳ ಪಾಂಡ್ಯನಾಗಿ ರಾಜ್ಯವಾಳಿ ಈ ಕಟ್ಟು ಮಾಡಿದನಂತೆ. ಕಥೆ ಕಥೆಯೇ ಇರಲಿ. ಕಟ್ಟು ಮಾತ್ರ ನಿಜವಾಗಿ ನಡೆದದ್ದು.

ನಮ್ಮ ಊರಿಗೂ ಇದಕ್ಕೂ ನಂಟುಂಟು. 1956ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಅಲ್ಲಿಯ ಅಳಿಯಸಂತಾನದ ವ್ಯಾಜ್ಯಗಳು ಮೇಲ್ಮನವಿಗೆ ಬರುತ್ತಿದ್ದುದು ಪ್ಯಾರಿಸ್ ಕಾರ್ನರ್ ಹತ್ತಿರ ನಾವು ದಿನಾ ಬಸ್ಸಿನಿಂದ ನೋಡುವ ಆ ಕೆಂಪು ಹೈಕೋರ್ಟಿಗೇ. 1949ರ ಮದರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತಂದೆಯ ಪಾಲು ಹೆಂಡತಿ ಮಕ್ಕಳಿಗೂ ಬರುವಂತಾಯಿತು. ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬ ಪದ್ಧತಿಯೇ ರದ್ದಾಯಿತು.

3. ಒಂದೇ ಊರು, ಎರಡು ಕಟ್ಟು

ಮುಖ್ಯ ವಿಷಯ ಈಗ ಬರುತ್ತದೆ. ಅದೇ ಊರಿನಲ್ಲಿ ಬ್ರಾಹ್ಮಣರೇ ಮೊದಲಾದವರಲ್ಲಿ ಮಕ್ಕಳಕಟ್ಟು, ಪಕ್ಕದ ಬಂಟರ ಮನೆಯಲ್ಲಿ ಅಳಿಯಕಟ್ಟು. ಅದೇ ಮಳೆ, ಅದೇ ಕುಚ್ಚಲಕ್ಕಿ, ಅದೇ ಟೆಸ್ಟೊಸ್ಟಿರಾನ್! ಆದರೂ ಒಬ್ಬ ಗಂಡಸು ಮಗನಿಗಾಗಿ ಗದ್ದೆ ಕಾಯ್ದ, ಇನ್ನೊಬ್ಬ ಅಕ್ಕನ ಮಕ್ಕಳಿಗಾಗಿ ಕಾಯ್ದ. ರಕ್ತವೇ ಕಾರಣವಾಗಿದ್ದರೆ ಬೇಲಿಯ ಈಚೆಗೊಂದು, ಆಚೆಗೊಂದು ಹೇಗಾದೀತು? ಆದ್ದರಿಂದ ಇದು ಕಟ್ಟಿನ ಪಾಲು, ಹುಟ್ಟಿನದಲ್ಲ.

ಆದರೆ ಅಳಿಯಕಟ್ಟನ್ನು ಹೆಣ್ಣಿನ ರಾಜ್ಯ ಅಂತ ಹೊಗಳುವುದೂ ಸರಿಯಲ್ಲ. ಆಸ್ತಿ ಅವಳ ಸಂತಾನದಲ್ಲಿ ಹರಿದರೂ, ಬಹಳ ಮನೆಗಳಲ್ಲಿ ಬೀಗದಕೈ ಇದ್ದದ್ದು ಸೋದರಮಾವನ ಸೊಂಟದಲ್ಲಿ. ಅಂದರೆ ಗಂಡಸು ಅಧಿಕಾರವನ್ನು ಅಲ್ಲೂ ಪೂರ್ತಿ ಬಿಟ್ಟುಕೊಡಲಿಲ್ಲ. ಇದು ದೇಹಬಲದ ಶೇಷವೋ, ಹಳೇ ಅಭ್ಯಾಸವೋ, ಓದುಗರೇ ವಿಚಾರ ಮಾಡಲಿ.

ಇನ್ನೊಂದು ಉದಾಹರಣೆ ಹೊಟ್ಟೆಗೆ ಹತ್ತಿರದ್ದು. ಅಡಿಗೆ ಹೆಂಗಸಿನ ಹುಟ್ಟುಗುಣ ಅಂತೀವಲ್ಲ, ಮದರಾಸಿಗೆ ಇಡ್ಲಿ ಸಾಂಬಾರು ಉಣಿಸಿದ ಉಡುಪಿ ಹೋಟೆಲುಗಳ ಒಲೆ ಮುಂದೆ ನಿಂತವರು ಯಾರು? ಗಂಡಸರೇ. ಸಂಬಳ ಬಂದರೆ ಸೌಟು ಗಂಡಸಿನ ಕೈಗೂ ಒಗ್ಗುತ್ತದೆ. ಸಂಬಳವಿಲ್ಲದಿದ್ದರೆ ಮಾತ್ರ ಅದು ಅಮ್ಮನ ಸ್ವಭಾವ.

ನಮ್ಮ ಭಾಷೆಯೂ ಇದನ್ನು ಬಲ್ಲದು. "ಮಗು ಬಂದಿತು" ಎನ್ನುತ್ತೇವೆ. ವ್ಯಾಕರಣದಲ್ಲಿ ಮಗು ನಪುಂಸಕಲಿಂಗ. "ಅವನು", "ಅವಳು" ಎಂದು ಬೇರೆ ಮಾಡಿ ಪಾಠ ಹೇಳುವುದು ಆಮೇಲೆ.

4. ನಮಗೇನು?

ಈ ಲೆಕ್ಕ ಬರೀ ಚರ್ಚಾಕೂಟಕ್ಕಲ್ಲ. ತಮಿಳುನಾಡಿನಲ್ಲಿ 1989ರಲ್ಲಿ, ಕರ್ನಾಟಕದಲ್ಲಿ 1994ರಲ್ಲಿ ತಂದ ತಿದ್ದುಪಡಿ, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಅದೇ ಕಾನೂನಾಯಿತು, ಮದುವೆಯಾದವರಿಗೂ ಸೇರಿ. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು.

ಕಾನೂನು ಇಷ್ಟು ಬಂದರೂ ಮನೆಯಲ್ಲಿ ಏನು ನಡೆಯುತ್ತದೆ? ಮದುವೆಗೆ ಮೊದಲೋ ಆಮೇಲೋ, "ಒಂದು ಸಹಿ ಹಾಕಿಬಿಡಮ್ಮ" ಅಂತ ಹಕ್ಕು ಬಿಡುಗಡೆ ಪತ್ರ ಮುಂದಿಡುತ್ತಾರೆ. ನಮ್ಮ ಮನೆಯಲ್ಲೂ ಅಕ್ಕನ ಮದುವೆಯ ಮಾತು ನಡೆದಿದೆ, ಈ ಸಹಿಯ ಮಾತೂ ಎದ್ದಿದೆ. ಹಿರಿಯರು ಕೊಡುವ ಕಾರಣ ಒಂದೇ: "ಗಂಡು ಮನೆ ನಡೆಸುವವನು, ಅದು ಅವನ ಗುಣ." ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಆ ದುಡ್ಡಿನಲ್ಲಿ ನನ್ನ ಕಾಲೇಜು ಫೀಸು ಕಟ್ಟಿದವಳು ಅಕ್ಕ. ಮನೆ ನಡೆಸುವ ಗುಣಕ್ಕೇ ಪಾಲು ಅಂತಾದರೆ ಅವಳ ಪಾಲು ದೊಡ್ಡದಾಗಬೇಕಲ್ಲವೇ? ಆ ಪತ್ರದಿಂದ ಲಾಭವಾಗುವುದು ನನಗೆ. ಆದ್ದರಿಂದ ಬೇಡ ಅನ್ನಬೇಕಾದವನೂ ನಾನೇ. ಅಪ್ಪನಿಗೆ ಹಾಗೇ ಹೇಳಿದ್ದೇನೆ.

ಕೊನೆಗೆ ಶಿಲ್ಕು ಇಷ್ಟು: ಮೀಸೆ, ದನಿ, ತೋಳು ಹುಟ್ಟಿನವು. ಆಸ್ತಿ, ಅಡಿಗೆ, ಯಜಮಾನಿಕೆ ಕಟ್ಟಿನವು. ಹುಟ್ಟಿನದನ್ನು ಬದಲಿಸುವುದು ನಮ್ಮ ಕೈಲಿಲ್ಲ. ಕಟ್ಟಿದ್ದನ್ನು ಮಾತ್ರ, ಕಟ್ಟಿದವರೇ ಬಿಚ್ಚಬಹುದು. ಏನಂತೀರಿ?