ಟಗರನ್ನು ಎಲ್ಲಿ ಕಟ್ಟಬೇಕು?

ಮಕ್ಕಳೇ, ನಿಮ್ಮ ಓಣಿಯಲ್ಲಿ ಹೋತ ಸಾಕಿದ ಮನೆ ಯಾವುದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು, ಅಲ್ಲವೇ? ಆ ನಾತ ಗಾಳಿಯಲ್ಲಿ ಅಷ್ಟು ದೂರ ಬರುತ್ತದೆ. ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಅದೇ ಗಾಳಿಯನ್ನು ಮೂಸಿದ ಹೆಣ್ಣು ಆಡಿನ ಮೈಯೊಳಗೆ ಏನಾಗುತ್ತದೆ ಗೊತ್ತೇ?

ಜಪಾನಿನ ವಿಜ್ಞಾನಿಗಳು ಹೋತಗಳ ತಲೆಗೆ ಒಂದು ಬಗೆಯ ಟೊಪ್ಪಿಗೆ ತೊಡಿಸಿ, ಅಲ್ಲಿಂದ ಹೊರಡುವ ವಾಸನೆಯನ್ನು ಹಿಡಿದಿಟ್ಟರು. (ನಗಬೇಡಿ, ವಿಜ್ಞಾನದಲ್ಲಿ ಇಂಥ ಕೆಲಸಗಳೂ ಇರುತ್ತವೆ.) ಅದರಲ್ಲಿದ್ದ 4-ಈಥೈಲ್ ಆಕ್ಟನಾಲ್ ಎಂಬ ವಸ್ತು ಹೆಣ್ಣಿನ ಮೆದುಳನ್ನು ಎಚ್ಚರಿಸುತ್ತದೆ ಎಂದು 2014ರಲ್ಲಿ ಪ್ರಕಟಿಸಿದರು. ಮೆದುಳಿನಿಂದ ಹಾರ್ಮೋನುಗಳ ಸಂದೇಶ ಹೊರಡುತ್ತದೆ, ಅಂಡಾಶಯ ಕೆಲಸ ಶುರು ಮಾಡುತ್ತದೆ. ವಿಚಿತ್ರವೆಂದರೆ ಈ ವಸ್ತುವಿನ ವಾಸನೆ ಕಿತ್ತಳೆ ಸಿಪ್ಪೆಯ ಜಾತಿಯದು. ಗಾಳಿ ತಗುಲಿ ಅದು ಆಮ್ಲವಾದಾಗಲೇ ನಮಗೆ ಗೊತ್ತಿರುವ ನಾತ ಹುಟ್ಟುವುದು.

ಕುರಿಗಳಲ್ಲೂ ಹೀಗೆಯೇ. ಟಗರನ್ನು ಹೆಣ್ಣು ಕುರಿಗಳಿಂದ ಸುಮಾರು ಒಂದು ತಿಂಗಳು ಪೂರ್ತಿ ದೂರವಿಟ್ಟು, ಆಮೇಲೆ ಒಮ್ಮೆಲೇ ಹಿಂಡಿಗೆ ಬಿಟ್ಟರೆ, ಬೆದೆಗೆ ಬಾರದೆ ಸುಮ್ಮನಿದ್ದ ಕುರಿಗಳಲ್ಲಿ ಹಲವು ಮೂರ್ನಾಲ್ಕು ವಾರಗಳೊಳಗೆ ಬೆದೆಗೆ ಬರುತ್ತವೆ. ಆಸ್ಟ್ರೇಲಿಯಾದವರು ಇದನ್ನು 1944ರಲ್ಲೇ ಬರೆದಿಟ್ಟರು. ಆದರೆ ದೂರ ಎಂದರೆ ನಿಜವಾಗಿಯೂ ದೂರ. ನಡುವೆ ಒಂದು ತಡಿಕೆ ನಿಲ್ಲಿಸಿದರೆ ಸಾಲದು. ವಾಸನೆಗೆ ತಡಿಕೆ ಯಾವ ಲೆಕ್ಕ? ಸದಾ ಪಕ್ಕದಲ್ಲೇ ಇರುವ ಟಗರು ಹಳೆಯ ನೆಂಟನಿದ್ದಂತೆ, ಅದರ ವಾಸನೆ ಹೊಸ ಸುದ್ದಿ ತರುವುದಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ದೇವದುರ್ಗದ ದೊಡ್ಡಿಗಳಲ್ಲಿ, ಮಾನ್ವಿಯ ಹಳ್ಳಿಗಳಲ್ಲಿ ಟಗರು ಸಾಮಾನ್ಯವಾಗಿ ವರ್ಷವಿಡೀ ಹಿಂಡಿನ ಜೊತೆಗೇ ಮೇಯುತ್ತದೆ. ನಮ್ಮ ಭಾಗದ ಕೆಂಗುರಿಯಂಥ ತಳಿಗಳು ಯಾವ ತಿಂಗಳಲ್ಲಾದರೂ ಗಬ್ಬ ಕಟ್ಟಬಲ್ಲವು. ಕುರಿಯ ಗರ್ಭಾವಧಿ ಸುಮಾರು 150 ದಿನ. ಡಿಸೆಂಬರ್ 5ಕ್ಕೆ ಗಬ್ಬವಾದ ಕುರಿ ಮೇ ಮೊದಲ ವಾರದಲ್ಲಿ ಈಯುತ್ತದೆ. ರಾಯಚೂರಿನ ಮೇ ತಿಂಗಳು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. 40 ಡಿಗ್ರಿ ದಾಟಿದ ಬಿಸಿಲು, ಹುಲ್ಲು ಒಣಗಿ ನೆಲ ಬೋಳು. ತಾಯಿಗೆ ಮೇವಿಲ್ಲ, ಕೆಚ್ಚಲಲ್ಲಿ ಹಾಲಿಲ್ಲ. ಮರಿ ಉಳಿಯುವುದೇ ಕಷ್ಟ.

ಟಗರನ್ನು ತಡೆದಿಟ್ಟು ಮಳೆಗಾಲದ ಆರಂಭದಲ್ಲಿ ಬಿಟ್ಟರೆ? ಜೂನ್ 15ಕ್ಕೆ ಗಬ್ಬವಾದದ್ದು ನವೆಂಬರ್ 12ರ ಹೊತ್ತಿಗೆ ಮರಿ ಹಾಕುತ್ತದೆ. ಆಗ ಬದುಗಳಲ್ಲಿ ಹುಲ್ಲಿರುತ್ತದೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಾಗತೊಡಗುತ್ತದೆ, ಕೊಯ್ದ ಗದ್ದೆ ಕುರಿಗೆ ಹಬ್ಬ.

"ಸಾರ್, ನಮಗೆ ಇರುವುದೇ ಒಂದು ದೊಡ್ಡಿ, ಟಗರನ್ನು ಎಲ್ಲಿಡೋಣ?" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಾಲ್ಕು ಮನೆಯವರು ಸೇರಿ ಟಗರುಗಳನ್ನು ಊರಾಚೆ ಒಂದೇ ಕಡೆ ಇಡಬಹುದು. ಪೂರ್ವ ಆಫ್ರಿಕಾದ ಮಾಸಾಯಿ ಜನ ಟಗರಿನ ಹೊಟ್ಟೆಗೆ ತೊಗಲಿನ ಅಡ್ಡಬಟ್ಟೆ ಕಟ್ಟಿ ಹಿಂಡಿನಲ್ಲೇ ಬಿಡುತ್ತಾರೆ. ಬೇಡದ ಗಬ್ಬ ತಪ್ಪುತ್ತದೆ, ವಾಸನೆಯ ಉಪಾಯ ಮಾತ್ರ ಆಗ ನಡೆಯದು.

ಗಂಡುಮರಿಗಳ ವಿಷಯ ಮರೆಯಬೇಡಿ. ಐದಾರು ತಿಂಗಳಿಗೇ ಅವು ಗಬ್ಬ ಕಟ್ಟಿಸಬಲ್ಲವು. ಎಳೆಯ ಹೆಣ್ಣುಮರಿ ಬೆಳೆಯುವ ಮೊದಲೇ ಗಬ್ಬವಾದರೆ ಈಯುವಾಗ ತಾಯಿ, ಮರಿ ಎರಡಕ್ಕೂ ಅಪಾಯ. ರಾಯಚೂರು ನಗರದ ಮಕ್ಕಳಿಗೆ ಕುರಿ ಸಿಗದಿರಬಹುದು. ಯಾರಾದರೂ ಗಿನಿಪಿಗ್ ಸಾಕಿದ್ದರೆ ಅವರಿಗೂ ಇದೇ ಮಾತು, ಇನ್ನೂ ಅವಸರವಾಗಿ: ಅದರ ಗಂಡುಮರಿಯನ್ನು ಮೂರು ವಾರಕ್ಕೇ ತಾಯಿಯಿಂದ, ಅಕ್ಕತಂಗಿಯರಿಂದ ಬೇರೆ ಮಾಡಬೇಕು.

ಮಾಡಿ ನೋಡಿ: ನಿಮ್ಮ ಊರಿನ ಮೂರು ಹಿಂಡುಗಳಲ್ಲಿ ಈ ವರ್ಷ ಹುಟ್ಟಿದ ಮರಿಗಳ ತಿಂಗಳನ್ನು ಕೇಳಿ ಬರೆದುಕೊಳ್ಳಿ. ಸತ್ತ ಮರಿಗಳನ್ನೂ ಬರೆಯಿರಿ. ಪ್ರತಿ ತಿಂಗಳಿನಿಂದ ಐದು ತಿಂಗಳು ಹಿಂದಕ್ಕೆ ಎಣಿಸಿ, ಆಗ ಟಗರು ಎಲ್ಲಿತ್ತು ಎಂದು ಕುರಿ ಕಾಯುವವರನ್ನು ಕೇಳಿ.